ಹೇಳಿದವರು: ನಾಗಲಕ್ಷ್ಮಿ

ಕರೂರಿನಲ್ಲಿ ನಾಟಿ ಮೇಸ್ತ್ರಿ ಅಂದರೆ ನಾಗಲಕ್ಷ್ಮಿ ಅನ್ನುವ ಮಾತು ಹದಿನಾಲ್ಕು ವರ್ಷ ನಡೆಯಿತು. ಬೇರೆಯವರು ಇರಲಿಲ್ಲವೆಂದಲ್ಲ. ಆದರೆ ಸಿರುಗುಪ್ಪ ಕಡೆಯ ಗದ್ದೆ ಮಾಲೀಕರು ಮೊದಲು ಫೋನು ಮಾಡುತ್ತಿದ್ದುದು ಅವಳಿಗೇ. ಅವಳು ಹೂಂ ಅಂದರೆ ಮರುದಿನ ಬೆಳಗ್ಗೆ ಆರಕ್ಕೆ ಇಪ್ಪತ್ತೆರಡು ಹೆಂಗಸರು ಎರಡು ಟಂಟಂ ಆಟೋಗಳಿಂದ ಇಳಿದು, ಸೀರೆ ಎತ್ತಿ ಕಟ್ಟಿ, ಕೆಸರಿಗೆ ಕಾಲಿಡುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಕಟ್ಟಿದವನು ಒಂದು ದಿನವೂ ಬಗ್ಗಿ ಸಸಿ ಹಚ್ಚಿದವನಲ್ಲ. ಕೆಸರಾಗುವುದು ಒಬ್ಬರ ಕೈ, ಮೊಸರು ಕಾಣುವುದು ಇನ್ನೊಬ್ಬರ ಬಾಯಿ. ನಾಗಲಕ್ಷ್ಮಿಗೆ ಇದು ಬೇಗ ತಿಳಿಯಿತು, ಅದಕ್ಕೇ ಅವಳು ಬದುವಿನ ಮೇಲೆ ನಿಂತಳು.

ಹುಟ್ಟಿದ್ದು ಕುರುಗೋಡಿನಲ್ಲಿ. ಕರೂರಿಗೆ ಕೊಟ್ಟಿದ್ದರು. ಗಂಡ ರಾಮಪ್ಪ ಟ್ರ್ಯಾಕ್ಟರ್ ಉರುಳಿ ಸತ್ತಾಗ ಅವಳಿಗೆ ಇಪ್ಪತ್ತೊಂಬತ್ತು. ಮಕ್ಕಳಿಲ್ಲ. ಮೈದುನ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟ, ಅದನ್ನು ದೊಡ್ಡ ಉಪಕಾರ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ. ಮೊದಲ ಎರಡು ವರ್ಷ ಅವಳನ್ನು ಯಾರೂ ಮದುವೆಗೆ ಕರೆಯಲಿಲ್ಲ, ಕರೆದವರು ಹಿಂದೆ ಕೂರಿಸಿದರು. ಮೇಸ್ತ್ರಿ ಆದ ಮೇಲೆ ಕುರ್ಚಿ ಬಂತು. ಗಂಡ ಸತ್ತವಳು ಎದುರಿಗೆ ಬಂದರೆ ಅಪಶಕುನ ಅನ್ನುತ್ತಿದ್ದ ಗಂಡಸರೇ ನಾಟಿಗೆ ಸಸಿ ಕಿತ್ತಿಟ್ಟ ದಿನ ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆ ಗುಂಪೊಂದಿಲ್ಲದಿದ್ದರೆ ತಾನು ಯಾರೂ ಅಲ್ಲ ಅನ್ನುವುದು ನಾಗಲಕ್ಷ್ಮಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಕನಸಿನಲ್ಲೂ ಅವಳು ಹೆಂಗಸರನ್ನು ಎಣಿಸುತ್ತಿದ್ದಳು.

ಅವಳು ಯಾರ ಮೇಲೂ ಕೈ ಎತ್ತಿದವಳಲ್ಲ. ಅದರ ಅಗತ್ಯವೂ ಇರಲಿಲ್ಲ. ಇಪ್ಪತ್ತೆರಡು ಜನರ ಇಪ್ಪತ್ತೆರಡು ಮರ್ಮ ಅವಳ ನಾಲಿಗೆಯ ತುದಿಯಲ್ಲಿದ್ದವು. ಒಬ್ಬಳಿಗೆ ಸವತಿಯ ಹೆಸರೆತ್ತಿದರೆ ಕೈ ಚುರುಕಾಗುತ್ತಿತ್ತು. ಇನ್ನೊಬ್ಬಳಿಗೆ ಮಗಳ ಓದಿನ ಮಾತು ಸಾಕು. ವೀರಭದ್ರಮ್ಮ ಅನ್ನುವ ಹಿರಿಯಳೊಬ್ಬಳಿದ್ದಳು, ಸೊಂಟ ನೋವೆಂದು ಬದುವಿಗೆ ಬಂದು ಕೂರುತ್ತಿದ್ದಳು. ಅವಳನ್ನು ನಾಗಲಕ್ಷ್ಮಿ ಬೈಯುತ್ತಿರಲಿಲ್ಲ, ಈಕಿ ಸೊಸಿ ಭಾಳ ಚಲೋ ಹಚ್ತಾಳ ನೋಡು ಅಂತ ಪಕ್ಕದವಳಿಗೆ ಹೇಳುತ್ತಿದ್ದಳು ಅಷ್ಟೆ. ಮುದುಕಿ ಎದ್ದು ಕೆಸರಿಗಿಳಿಯುತ್ತಿದ್ದಳು.

ಈ ಮರ್ಮಗಳೆಲ್ಲ ಅವಳಿಗೆ ಸಿಕ್ಕದ್ದು ಗದ್ದೆಯಲ್ಲೇ. ಬಗ್ಗಿದ ಹೆಂಗಸಿಗೆ ಎದುರಿನವರ ಮುಖ ಕಾಣುವುದಿಲ್ಲ, ಮುಖ ಕಾಣದಿದ್ದರೆ ಮಾತು ತಾನಾಗಿ ಬರುತ್ತದೆ. ಮನೆಯಲ್ಲಿ ಸತ್ತರೂ ಆಡದ ಮಾತನ್ನು ಅಲ್ಲಿ ಆಡಿಬಿಡುತ್ತಾರೆ. ಅದಕ್ಕೊಂದು ಕಟ್ಟಳೆಯೂ ಉಂಟು. ಸಂಜೆ ಕಾಲುವೆಯಲ್ಲಿ ಕಾಲು ತೊಳೆಯುವಾಗ ಗದ್ದೆಯ ಮಾತನ್ನೂ ತೊಳೆದು ಬಿಡಬೇಕು, ಅದನ್ನು ಊರೊಳಗೆ ಒಯ್ದವಳ ಜೊತೆ ಮತ್ತೆ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. ನಾಗಲಕ್ಷ್ಮಿ ಆ ಕಟ್ಟಳೆಯನ್ನು ಒಮ್ಮೆಯೂ ಮುರಿದಿರಲಿಲ್ಲ. ಮಾತನ್ನು ಬಳಸಿಕೊಂಡಳು, ನಿಜ. ಊರಿಗೆ ಒಯ್ಯಲಿಲ್ಲ.

ಉಮಾಪತಿ ಬಂದದ್ದು ಕಳೆದ ವರ್ಷ ಬೇಸಿಗೆಯಲ್ಲಿ. ಬಳ್ಳಾರಿಯವನೇ, ಸಾಲಿ ಮಾಸ್ತರರ ಮಗ. ಕಂಟೋನ್ಮೆಂಟಿನಲ್ಲಿ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಕಂಪನಿ ತೆರೆದಿದ್ದ. ಕೂಲಿ ಹೆಂಗಸರಿಗೆ ಫೋನಿನಲ್ಲಿ ಮಾತಾಡುವ ಒಂದು ಎಐ ಮಾಡುತ್ತಿದ್ದೇವೆ, ಹೆಸರು ಜೊತೆಗಾತಿ ಅಂದ. ಯಾವ ಗದ್ದೆ, ಎಷ್ಟು ಹೊತ್ತಿಗೆ ಅಂತ ಹೇಳುವುದಷ್ಟೇ ಅಲ್ಲ, ಒಬ್ಬೊಬ್ಬರ ಜೊತೆ ಒಂದೊಂದು ತೆರನಾಗಿ ಮಾತಾಡುತ್ತದೆ, ಅವರಿಗೆ ಬದುಕಿನಲ್ಲಿ ಯಾವುದು ಮುಖ್ಯವೋ ಅದನ್ನು ತಿಳಿದು ಅದಕ್ಕೆ ತಕ್ಕಂತೆ ನಡೆಯುತ್ತದೆ. ಮನುಷ್ಯರ ಮೌಲ್ಯ ಅನ್ನುವ ಮಾತನ್ನು ಅವನು ಆ ಒಂದು ಗಂಟೆಯಲ್ಲಿ ಎಂಟು ಸಲ ಆಡಿದ. ಕೆಟ್ಟವನಲ್ಲ. ಕೆಟ್ಟವರಿಂದ ಆಗುವ ಅನಾಹುತಕ್ಕೆ ಮದ್ದುಂಟು, ಇಂಥವರಿಂದ ಆಗುವುದಕ್ಕೆ ಇಲ್ಲ.

ಅವನಿಗೆ ಬೇಕಾಗಿದ್ದುದು ಎರಡು: ನಾಗಲಕ್ಷ್ಮಿಗೆ ಗೊತ್ತಿದ್ದುದು, ನಾಗಲಕ್ಷ್ಮಿಯ ದನಿ. ಆ ದನಿಗೆ ಹೆಂಗಸರು ಏಳುತ್ತಾರೆ ಅಂತ ಅವನು ಕೇಳಿ ಬಂದಿದ್ದ. ತಿಂಗಳಿಗಿಷ್ಟು ಅಂತ ಸಂಬಳ, ಗುಂಪು ನಿನ್ನದೇ, ಮೇಸ್ತ್ರಿ ನೀನೇ ಅಂದ. ಕಾಗದ ಮುಂದಿಟ್ಟು ಸಹಿ ಮಾಡಿಸಿಕೊಳ್ಳುವ ಮುಂಚೆ ಒಂದು ಭಾಗವನ್ನು ತಾನೇ ಎರಡು ಸಲ ಓದಿದ. ಜೊತೆಗಾತಿ ಯಾರಿಗೂ ಸುಳ್ಳು ಹೇಳುವುದಿಲ್ಲ, ತಾನು ಯಂತ್ರ ಅಂತ ಮೊದಲೇ ತಿಳಿಸುತ್ತದೆ, ಯಾಕೆ ಹೀಗೆ ಹೇಳಿದೆ ಅಂತ ಕೇಳಿದರೆ ಕಾರಣ ಹೇಳುತ್ತದೆ, ಆ ಕಾರಣ ಯಾರಿಂದ ತಿಳಿಯಿತು ಅನ್ನುವುದನ್ನೂ ಹೇಳುತ್ತದೆ. ಇದೇ ನಮ್ಮ ಪಾರದರ್ಶಕತೆ, ತಿಳೀತಾ ಅಕ್ಕಾರ, ಅಂತ ಕೇಳಿದ. ತಿಳೀತು ಬಿಡ್ರಿ ಸರ ಅಂತ ನಾಗಲಕ್ಷ್ಮಿ ಸಹಿ ಮಾಡಿದಳು. ಮೋಸ ಆಯಿತು ಅಂತ ಮುಂದೆ ಹೇಳಿಕೊಳ್ಳಲು ಅವಳಿಗೆ ಅಷ್ಟು ಜಾಗವನ್ನೂ ಅವನು ಉಳಿಸಲಿಲ್ಲ.

ಅವಳು ಕೇಳಿಸಿಕೊಂಡದ್ದು ಬೇರೆ. ಕುರುಗೋಡಿನಲ್ಲಿ ಅವರ ಓಣಿಯ ಈಶ್ವರ ಗುಡಿಯೆದುರು ಕಲ್ಲಿನ ಬಸವಣ್ಣ ಇದ್ದ. ಯಾರಿಗೂ ಹೇಳಲಾಗದ್ದನ್ನು ಅವನ ಕಿವಿಯಲ್ಲಿ ಹೇಳುವುದು ಅಲ್ಲಿಯ ಹೆಂಗಸರ ರೂಢಿ. ಹೇಳುವಾಗ ಅವನ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಬೇಕು, ಇಲ್ಲವಾದರೆ ಮಾತು ಆ ಕಡೆಯಿಂದ ಸೋರುತ್ತದಂತೆ. ಸಣ್ಣವಳಿದ್ದಾಗಿನಿಂದ ನಾಗಲಕ್ಷ್ಮಿ ಅವನ ಕಿವಿಗೆ ಎಷ್ಟೆಲ್ಲ ಸುರಿದಿದ್ದಳೋ, ಒಂದೂ ಹೊರಗೆ ಬಂದಿರಲಿಲ್ಲ. ಜೀವ ಇಲ್ಲದ್ದಕ್ಕೆ ಹೇಳಿದರೆ ಅದು ಹೇಳಿದ ಲೆಕ್ಕವೇ ಅಲ್ಲ ಅನ್ನುವುದು ಅವಳ ಮೈಯಲ್ಲಿ ಇಳಿದ ನಂಬಿಕೆ. ಯಂತ್ರ ಗೊತ್ತಿದ್ದುದನ್ನು ಬಳಸುತ್ತದೆ ಅಂತ ಅವಳಿಗೆ ತಿಳಿದಿತ್ತು. ತಾನು ಮಾಡುತ್ತಿದ್ದ ಹಾಗೆಯೇ ಮಾಡುತ್ತದೆ ಅಂದುಕೊಂಡಳು, ದಾರ ಎಳೆಯುತ್ತದೆ, ದಾರ ತೋರಿಸುವುದಿಲ್ಲ.

ಮೂರು ವಾರ ಅವಳು ಬಳ್ಳಾರಿಗೆ ಹೋಗಿ ಬಂದಳು. ಕರೂರಿನಿಂದ ಸಿರುಗುಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ಬಳ್ಳಾರಿಗೆ ಇನ್ನೊಂದು. ಬಂಗಲೆಯ ತಂಪು ಕೋಣೆಯಲ್ಲಿ ರಶ್ಮಿ ಅನ್ನುವ ಹುಡುಗಿ ಎದುರಿಗೆ ಕೂತು, ಒಂದು ಕರಿಯ ಮೈಕನ್ನು ಹತ್ತಿರ ಸರಿಸಿ, ಹೇಳ್ರಿ ಅಕ್ಕಾ ಅನ್ನುತ್ತಿದ್ದಳು. ಆ ಮಾತು ನಾಗಲಕ್ಷ್ಮಿಗೆ ಯಾರೂ ಹೇಳಿರಲಿಲ್ಲ. ಇಡೀ ಬದುಕಿನಲ್ಲಿ ಅವಳು ಉಳಿದವರದ್ದನ್ನು ಕೇಳಿದವಳು, ಅವಳದ್ದನ್ನು ಕೇಳಿದವರಿಲ್ಲ. ರಶ್ಮಿ ಅವಳ ಒಂದೊಂದು ಮಾತಿಗೂ ಕಣ್ಣು ಅಗಲ ಮಾಡಿದಳು, ಬರೆದುಕೊಂಡಳು, ನಿಮ್ಮಂಥವರು ಓದಿದ್ದರೆ ಎಲ್ಲೋ ಇರುತ್ತಿದ್ದಿರಿ ಅಂದಳು. ಹೊಗಳಿಕೆಗೆ ಹೊಟ್ಟೆ ತುಂಬುವುದಿಲ್ಲ ಅನ್ನುತ್ತಾರೆ, ಸುಳ್ಳು. ನಾಗಲಕ್ಷ್ಮಿ ಮಧ್ಯಾಹ್ನದ ಊಟ ಬಿಟ್ಟು ಹೇಳಿದಳು. ಸವತಿ, ಸಾಲ, ಕದ್ದು ಮಾಡಿಸಿಕೊಂಡ ಗರ್ಭಪಾತ, ಅಳಿಯನ ಮೇಲಿನ ಅನುಮಾನ, ಒಬ್ಬೊಬ್ಬಳನ್ನೂ ಬಿಚ್ಚಿ ಹರವಿದಳು.

ಕೊನೆಯ ದಿನ ರಶ್ಮಿ, ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ದುಡಿಯುವವರು ಯಾರು, ಯಾಕೆ, ಅಂತ ಕೇಳಿದಳು. ಇದೊಂದನ್ನು ಬಿಡಬಹುದಿತ್ತು. ಬಿಡಲಿಲ್ಲ.

ಎಲ್ಲರಿಗಿಂತ ಚೆನ್ನಾಗಿ ದುಡಿಯುವವಳು ವಿರೂಪಮ್ಮ. ಕರೂರಿನ ಯರ್ರಿಸ್ವಾಮಿಯ ಹೆಂಡತಿ. ಇಬ್ಬರು ಹಚ್ಚುವುದನ್ನು ಒಬ್ಬಳೇ ಹಚ್ಚುತ್ತಿದ್ದಳು, ಬದುವಿನ ಮೇಲೆ ಕೂತದ್ದನ್ನು ಕಂಡವರಿಲ್ಲ. ಒಂಬತ್ತು ವರ್ಷದ ಹಿಂದೆ ಅವಳ ಮೂರು ವರ್ಷದ ಮಗಳು ಶೀಲಾ ಕಾಲುವೆಗೆ ಬಿದ್ದು ಸತ್ತಿದ್ದಳು. ಅವಳ ಅತ್ತೆ ಹುಲಿಗೆಮ್ಮ ಬುತ್ತಿ ತರುವಾಗ ಕೂಸನ್ನೂ ಗದ್ದೆಗೆ ಕರೆದು ತಂದಿದ್ದಳು. ಬದುವಿನ ಮೇಲೆ ಕೂರಿಸಿ, ಇಲ್ಲಿ ನೋಡಿಕೊಳವ್ವ, ಈಗ ಬಂದೆ ಅಂತ ಕೂಗಿ ಜಾಲಿ ಗಿಡಗಳ ಹಿಂದೆ ಹೋದಳು. ಬರುವಷ್ಟರಲ್ಲಿ ಕೂಸಿರಲಿಲ್ಲ. ಅತ್ತೆ ಕೂಗಿದ್ದು ನನಗೆ ಕೇಳಿಸಲೇ ಇಲ್ಲ ಅಂತ ವಿರೂಪಮ್ಮ ಅಂದಳು. ಅಲ್ಲಿಗೆ ತಪ್ಪೆಲ್ಲ ಮುದುಕಿಯ ತಲೆಗೆ ಬಂತು. ಯರ್ರಿಸ್ವಾಮಿ ಅವತ್ತಿನಿಂದ ಹೆತ್ತ ತಾಯಿಯ ಜೊತೆ ಮಾತು ಬಿಟ್ಟ, ಅವಳು ಬಡಿದ ರೊಟ್ಟಿ ಮುಟ್ಟಲಿಲ್ಲ. ಮುದುಕಿ ಒಂಬತ್ತು ವರ್ಷ ಮನೆಯ ಹೊರಗಿನ ಕಟ್ಟೆಯ ಮೇಲೆ ಮಲಗಿದಳು.

ಆದರೆ ಅತ್ತೆ ಕೂಗಿದ್ದು ವಿರೂಪಮ್ಮನಿಗೆ ಕೇಳಿಸಿತ್ತು. ಸಾಲು ಮುಗಿಸಿ ನೋಡೋಣ ಅಂತ ತಲೆ ಎತ್ತಿರಲಿಲ್ಲ. ಅದನ್ನು ಅವಳು ಒಬ್ಬಳಿಗೇ ಹೇಳಿದ್ದಳು, ಎರಡು ವರ್ಷವಾದ ಮೇಲೆ, ಸಿರಿಗೇರಿ ಕಡೆಯ ಒಂದು ಗದ್ದೆಯಲ್ಲಿ, ಬಗ್ಗಿದಲ್ಲೇ. ಆ ಒಬ್ಬಳು ನಾಗಲಕ್ಷ್ಮಿ.

ನಾಗಲಕ್ಷ್ಮಿ ರಶ್ಮಿಗೆ ಅಷ್ಟನ್ನೂ ಹೇಳಿದಳು. ಒಂದೇ ಒಂದು ಮಾತು ಬಿಟ್ಟಳು. ಅವತ್ತು ಬದುವಿನ ಇನ್ನೊಂದು ತುದಿಯಲ್ಲಿ ಅವಳೂ ನಿಂತಿದ್ದಳು, ಉಳಿದ ಹೆಂಗಸರು ದೂರದ ಸಾಲುಗಳಲ್ಲಿದ್ದರು. ಕೂಸಿನ ಕೆಂಪು ಫ್ರಾಕು ಕಾಲುವೆಯ ಕಡೆ ಹೋಗುವುದು ಅವಳ ಕಣ್ಣಿಗೆ ಬಿದ್ದಿತ್ತು. ಅಕ್ಕಾ, ಹುಡುಗಿ ಐತೇನು ಅಂತ ವಿರೂಪಮ್ಮ ಬಗ್ಗಿದಲ್ಲಿಂದಲೇ ಕೇಳಿದ್ದಳು. ಎಲ್ಲಿಗಿ ಹೋಗ್ತೈತಿ, ನಿನ್ನ ಸಾಲು ನೋಡು ಅಂತ ನಾಗಲಕ್ಷ್ಮಿ ಅಂದಿದ್ದಳು. ಸಂಜೆಯೊಳಗೆ ಗುತ್ತಿಗೆ ಮುಗಿಯಬೇಕಿತ್ತು, ಇಷ್ಟೇ ಕಾರಣ. ಸಿರಿಗೇರಿಯ ಗದ್ದೆಯಲ್ಲಿ ತನ್ನದನ್ನು ಹೇಳಿಕೊಂಡ ದಿನ ವಿರೂಪಮ್ಮ, ನೀನು ಅಂದದ್ದನ್ನ ಯಾರ ಮುಂದೂ ಅಂದಿಲ್ಲಕ್ಕ, ಅನ್ನಂಗೂ ಇಲ್ಲ ಅಂದಿದ್ದಳು. ಅದಾದ ಮೇಲೆ ನಾಗಲಕ್ಷ್ಮಿ ಅವಳನ್ನು ಒಂದು ದಿನವೂ ಬೈಯಲಿಲ್ಲ. ಬೇರೆಯವರು ಅದನ್ನು ಪ್ರೀತಿ ಅಂದುಕೊಂಡರು.

ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು, ಜೊತೆಗಾತಿ ಶುರುವಾಯಿತು. ಬೆಳಗ್ಗೆ ಐದಕ್ಕೆ ಇಪ್ಪತ್ತೆರಡು ಮನೆಗಳಲ್ಲಿ ಫೋನು ರಿಂಗಾಯಿತು, ಇಪ್ಪತ್ತೆರಡು ಮನೆಗಳಲ್ಲಿ ನಾಗಲಕ್ಷ್ಮಿಯ ದನಿ ಮಾತಾಡಿತು. ಮೊದಲ ದಿನ ಹೆಂಗಸರು ನಕ್ಕು ನಕ್ಕು ಸುಸ್ತಾದರು. ಈ ಯಂತ್ರದ ನಾಗಲಕ್ಷ್ಮಕ್ಕ ಬೈಯಂಗಿಲ್ಲಲೇ, ನಿದ್ದಿ ಆತೇನು ಅಂತ ಕೇಳ್ತಾಳ ಅಂದರು. ಗದ್ದೆಯಲ್ಲೂ ಒಬ್ಬೊಬ್ಬರ ಕಿವಿಯಲ್ಲಿ ಒಂದು ಪುಟ್ಟ ಸಾಧನ. ಬದುವಿನ ಮೇಲೆ ನಾಗಲಕ್ಷ್ಮಿ ಸುಮ್ಮನೆ ನಿಂತಿದ್ದಳು, ಕೆಲಸ ತಾನಾಗಿ ಸಾಗುತ್ತಿತ್ತು. ಕಂಪನಿಯ ಕೆಲಸ ಅಂದರೆ ಹೀಗಿರಬೇಕು ಅಂದುಕೊಂಡಳು.

ಎರಡನೆಯ ವಾರ ವೀರಭದ್ರಮ್ಮ ಸೊಂಟ ಹಿಡಿದುಕೊಂಡು ಬದುವಿಗೆ ಬಂದಳು. ಕಿವಿಯಲ್ಲಿದ್ದ ದನಿ, ಸೊಸೆಗಿಂತ ಕಡಿಮೆ ಅನ್ನಿಸಿಕೊಳ್ಳುವುದು ನಿಮಗೆ ಆಗಿಬರುವುದಿಲ್ಲ ಅಂತ ಗೊತ್ತು, ಇನ್ನು ನಾಲ್ಕು ಸಾಲು ಹಚ್ಚಿದರೆ ಇಬ್ಬರದೂ ಸಮ ಆಗುತ್ತದೆ ಅಂದಿತು. ಮುದುಕಿ, ನಿನಗಿದು ಯಾವ ರಂಡಿ ಹೇಳಿದ್ಲು ಅಂತ ಕೇಳಿದಳು. ನಾಗಲಕ್ಷ್ಮಿ ಹೇಳಿದರು, ಜೂನ್ ಒಂಬತ್ತರಂದು, ಅಂತ ನಾಗಲಕ್ಷ್ಮಿಯ ದನಿಯೇ ಮೆತ್ತಗೆ ಉತ್ತರ ಕೊಟ್ಟಿತು. ವೀರಭದ್ರಮ್ಮ ಬದುವಿನ ಆ ತುದಿಯಲ್ಲಿದ್ದ ನಾಗಲಕ್ಷ್ಮಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೆಸರಿಗಿಳಿದು ಪಕ್ಕದವಳ ಹತ್ತಿರ, ನೀನೂ ಕೇಳಿ ನೋಡು ಅಂದಳು. ಮೂರು ದಿನದಲ್ಲಿ ಎಲ್ಲರೂ ಕೇಳಿದ್ದರು. ಗದ್ದೆಯಲ್ಲಿ ಮಾತು ನಿಂತಿತು.

ಕೇಳದೆ ಉಳಿದವಳು ವಿರೂಪಮ್ಮ ಒಬ್ಬಳೇ. ನಾಗಲಕ್ಷ್ಮಿ ಹಾಗೆ ಮಾಡುವವಳಲ್ಲ ಅಂತ ಅವಳು ಉಳಿದವರ ಜೊತೆ ಜಗಳಕ್ಕೇ ನಿಂತಿದ್ದಳು. ನಾಗಲಕ್ಷ್ಮಿಗೆ ಇದು ಗೊತ್ತಾಯಿತು. ಅವತ್ತೇ ಅವಳನ್ನು ಪಕ್ಕಕ್ಕೆ ಕರೆದು, ಇಂಥದ್ದೊಂದು ಆಗಿದೆ, ಆ ಫೋನು ಎತ್ತಬೇಡ ಅನ್ನಬಹುದಿತ್ತು. ಹಾಗಂದರೆ ತಾನೇ ಒಪ್ಪಿಕೊಂಡಂತೆ. ನಾಳೆ ಹೇಳಿದರಾಯಿತು ಅಂತ ಮೂರು ನಾಳೆ ಕಳೆದಳು.

ನಾಲ್ಕನೆಯ ದಿನ ಹುಲಿಗೆಮ್ಮನಿಗೆ ಜ್ವರ. ವಿರೂಪಮ್ಮ ಕೆಲಸಕ್ಕೆ ಬರಲಿಲ್ಲ. ಮುದುಕಿಯನ್ನು ಕಟ್ಟೆಯಿಂದ ಒಳಗೆ ತಂದು ಮಲಗಿಸಿದ್ದಳು, ಒಂಬತ್ತು ವರ್ಷದಲ್ಲಿ ಮೊದಲ ಸಲ. ಸಂಜೆ ಯರ್ರಿಸ್ವಾಮಿ ಚಹಾ ಕುಡಿಯುತ್ತ ಬಾಗಿಲಲ್ಲಿ ಕೂತಿದ್ದ. ಆ ಮನೆಯಲ್ಲಿ ಫೋನು ಒಂದೇ, ಅದಿರುವುದು ಕಿಟಕಿಯ ಗೂಡಿನಲ್ಲಿ. ಅಲ್ಲಿ ಬಿಟ್ಟರೆ ಎಲ್ಲೂ ಸಿಗ್ನಲ್ ಸಿಗುವುದಿಲ್ಲ, ಅದಕ್ಕೇ ಬಂದ ಕರೆಯನ್ನೆಲ್ಲ ಸ್ಪೀಕರಿಗೆ ಹಾಕಿ ಎಲ್ಲರೂ ಕೇಳುವುದು ಆ ಮನೆಯ ವಾಡಿಕೆ. ಒಬ್ಬರಿಗೊಂದು ಫೋನು, ಒಂದು ಫೋನಿಗೆ ಒಬ್ಬರೇ ಕಿವಿ ಅಂತ ಕಂಟೋನ್ಮೆಂಟಿನಲ್ಲಿ ಕೂತವರಿಗೆ ಯಾರೋ ಹೇಳಿಕೊಟ್ಟಿರಬೇಕು. ಯಂತ್ರ ಮಾಡಿದವರಲ್ಲಿ ಒಬ್ಬರಾದರೂ ಆ ಮನೆಗೆ ಬಂದು ಒಂದು ಸಂಜೆ ಕೂತಿದ್ದರೆ ಸಾಕಿತ್ತು.

ಜೊತೆಗಾತಿ ಕರೆ ಮಾಡಿತು. ನಾಳೆ ಕೆಲಸಕ್ಕೆ ಬಂದರೆ ಒಳ್ಳೆಯದು, ಮನೆಯಲ್ಲಿ ಕೂತರೆ ನಿಮ್ಮ ಮನಸ್ಸಿಗೆ ಕಷ್ಟ ಆಗುತ್ತದೆ, ಗದ್ದೆಯಲ್ಲಿದ್ದರೆ ಹಗುರಾಗುತ್ತದೆ ಅಂದಿತು. ಹುಲಿಗೆಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ವಿರೂಪಮ್ಮ, ತಿರುಗಿ ನೋಡದೆಯೇ, ಸುಮ್ಮನೆ ಬಾಯಿಗೆ ಬಂದಂತೆ ಕೇಳಿದಳು: "ಯಾಕವ್ವಾ ಹಂಗ ಅಂತಿ?"

"ನೀವು ಕೇಳಿದ್ರಿ ಅಂತ ಹೇಳ್ತೀನಿ," ಅಂದಿತು ನಾಗಲಕ್ಷ್ಮಿಯ ದನಿ. "ನಿಮ್ಮ ಮಗಳು ಕಾಲುವಿಗೆ ಬಿದ್ದ ದಿನ ಅತ್ತಿ ಕೂಗಿದ್ದು ನಿಮಗ ಕೇಳಿಸಿತ್ತು. ಸಾಲು ಮುಗಿಸಿ ನೋಡೋಣ ಅಂತ ನೀವು ತಲಿ ಎತ್ತಲಿಲ್ಲ. ಆ ಸಂಕಟಕ್ಕ ನೀವು ಇಷ್ಟು ದುಡೀತೀರಿ. ಮಕ್ಕಳು ಅಂದ್ರ ನಿಮಗ ಎಲ್ಲಕ್ಕಿಂತ ದೊಡ್ಡದು. ಇದನ್ನ ಹೇಳಿದವರು ನಾಗಲಕ್ಷ್ಮಿ."

ಯರ್ರಿಸ್ವಾಮಿಯ ಕೈಯಲ್ಲಿದ್ದ ಲೋಟ ಕೆಳಗೆ ಬೀಳಲಿಲ್ಲ. ಅವನು ಚಹಾ ಪೂರ್ತಿ ಕುಡಿದ, ಲೋಟ ಕೆಳಗಿಟ್ಟ, ಆಮೇಲೆ ಎದ್ದ.

ಮರುದಿನ ಬೆಳಗ್ಗೆ ನಾಗಲಕ್ಷ್ಮಿಗೆ ಆ ಮನೆಯಿಂದ ಕರೆ ಬಂತು. ಹೋಗುವಾಗ ದಾರಿಯಲ್ಲೇ ವಿಷಯ ತಿಳಿಯಿತು, ಊರಿಗೆಲ್ಲ ಆಗಲೇ ಗೊತ್ತಿತ್ತು. ಮನೆಯ ನಡುವಿನ ಮಂಚದ ಮೇಲೆ ಹುಲಿಗೆಮ್ಮ ಕಂಬಳಿ ಹೊದ್ದು ಕೂತಿದ್ದಳು. ಕೆಳಗೆ ಗೋಡೆಗೆ ಒರಗಿ ವಿರೂಪಮ್ಮ, ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಯರ್ರಿಸ್ವಾಮಿ ತಾಯಿಯ ಕಾಲ ಹತ್ತಿರ ಕೂತಿದ್ದ, ಮುಖ ಎತ್ತುತ್ತಿರಲಿಲ್ಲ. ಯಂತ್ರ ಹೇಳಿದ್ದು ಖರೇನು ಅಂತ ಕೇಳಿದ. ನಾಗಲಕ್ಷ್ಮಿಗೆ ಸುಳ್ಳು ಹೇಳಲು ದಾರಿಯಿರಲಿಲ್ಲ, ವಿರೂಪಮ್ಮ ರಾತ್ರಿಯೇ ಒಪ್ಪಿಕೊಂಡಿದ್ದಳು. ಖರೆ ಅಂದಳು.

ಹುಲಿಗೆಮ್ಮ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಒಂಬತ್ತು ವರ್ಷ ಹೊರಗೆ ಮಲಗಿ ಅವಳಿಗೆ ಯೋಚನೆ ಮಾಡುವುದು ರೂಢಿಯಾಗಿತ್ತು. ಅವಳು ನಾಗಲಕ್ಷ್ಮಿಯನ್ನೇ ನೋಡಿದಳು.

"ನೀ ಬದುವಿನ ಮ್ಯಾಲ ನಿಂತಿರ್ತಿದ್ದಿ," ಅಂದಳು. "ಬಗ್ಗಿದಾಕಿಗೆ ಕಾಣಂಗಿಲ್ಲ, ಒಪ್ತೀನಿ. ನಿಂತಾಕಿಗೂ ಕಾಣಲಿಲ್ಲೇನು?"

 ಹೇಳಿದರೆ ನಾಗಲಕ್ಷ್ಮಿಗೆ ಎಲ್ಲ ಮುಗಿಯಿತು, ಗುಂಪು, ಕುರ್ಚಿ, ಊರು. ಹೇಳಿದರೆ ಆ ಗೋಡೆಗೆ ಒರಗಿ ಕೂತವಳ ತಲೆಯ ಮೇಲಿನದು ಅರ್ಧವಾದರೂ ಇಳಿಯುತ್ತದೆ, ಅದೂ ಗೊತ್ತಿತ್ತು. ಅವಳು ವಿರೂಪಮ್ಮನ ಕಡೆ ನೋಡಿದಳು. ವಿರೂಪಮ್ಮ ತೆರೆದಿದ್ದ ಒಂದು ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು.

"ಆಕಿ ಇರಲಿಲ್ಲತ್ತಿ," ಅಂದಳು ವಿರೂಪಮ್ಮ. "ಅವತ್ತು ಆಕಿ ಆ ಕಡಿ ಗದ್ದ್ಯಾಗ ಇದ್ಲು."

ಹೌದೇನು ಅಂತ ಮುದುಕಿ ಕೇಳಿದಳು. ನಾಗಲಕ್ಷ್ಮಿ ಹೌದು ಅಂದಳು.

ಆ ಮಧ್ಯಾಹ್ನವೇ ವಿರೂಪಮ್ಮನನ್ನು ಸಿರಿಗೇರಿಯ ತವರಿಗೆ ಬಸ್ಸು ಹತ್ತಿಸಿದರು. ಎರಡು ಸೀರೆಯ ಗಂಟು ಬಿಟ್ಟರೆ ಏನೂ ಕೊಡಲಿಲ್ಲ. ತವರಲ್ಲಿ ಇದ್ದದ್ದು ಒಬ್ಬ ತಮ್ಮ ಚಂದ್ರಣ್ಣ, ಅವನ ಹೆಂಡತಿ ದನದ ಕೊಟ್ಟಿಗೆಯ ಪಕ್ಕದ ಕೋಣೆ ತೋರಿಸಿದಳು. ಕೂಸು ಕೊಂದವಳು ಅಂತ ಅಲ್ಲಿಯೂ ಮಕ್ಕಳನ್ನು ಅವಳ ಹತ್ತಿರ ಬಿಡುವುದಿಲ್ಲ. ಇತ್ತ ಯರ್ರಿಸ್ವಾಮಿ ತಾಯಿಯ ಕೈಯ ರೊಟ್ಟಿ ತಿನ್ನತೊಡಗಿದ. ಊರಿಗೆ ನ್ಯಾಯ ಆದಂತೆ ಕಂಡಿತು.

ಮರುದಿನ ಟಂಟಂ ಹತ್ತಿರ ನಾಗಲಕ್ಷ್ಮಿ ಹೋಗಿ ನಿಂತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಹತ್ತಿದರು. ಅವಳು ಹತ್ತಲು ಹೋದಾಗ ವೀರಭದ್ರಮ್ಮ ಕಾಲು ಚಾಚಿ ಕೂತಳು, ಜಾಗ ಇಲ್ಲ ಅಂದಳು. ಗದ್ದೆಯ ಹೆಸರು, ಸಾಲು, ಹೊತ್ತು, ಎಲ್ಲವನ್ನೂ ಫೋನು ಬೆಳಗ್ಗೆ ಐದಕ್ಕೇ ಹೇಳಿತ್ತು. ನಾಗಲಕ್ಷ್ಮಿಯ ದನಿಯಲ್ಲೇ ಹೇಳಿತ್ತು. ಟಂಟಂ ಹೋಯಿತು.

ಅವಳು ಸೀದಾ ಬಳ್ಳಾರಿಗೆ ಹೋದಳು. ಕಂಟೋನ್ಮೆಂಟಿನ ಬಂಗಲೆಯಲ್ಲಿ ಉಮಾಪತಿ ಅವಳಿಗೆ ಕುರ್ಚಿ ಹಾಕಿಸಿದ, ನೀರು ತರಿಸಿದ, ಅವನ ಕಣ್ಣೂ ಒದ್ದೆಯಾಗಿತ್ತು. ವಿರೂಪಮ್ಮನವರ ಮನೆಯಲ್ಲಾದದ್ದರಿಂದ ನಾವು ಬಹಳ ಕಲಿತೆವು ಅಂದ. ಇನ್ನು ಮುಂದೆ ಜೊತೆಗಾತಿ ಕಾರಣ ಹೇಳುವ ಮುಂಚೆ ಒಬ್ಬರೇ ಇದ್ದೀರಾ ಅಂತ ಕೇಳುತ್ತದೆ, ನಿನ್ನೆಯೇ ಸರಿಪಡಿಸಿದೆವು. ನಾಗಲಕ್ಷ್ಮಿ, ನನ್ನ ದನಿ ತೆಗೆದುಬಿಡಿ, ನಾನು ಹೇಳಿದ್ದನ್ನೆಲ್ಲ ಅಳಿಸಿಬಿಡಿ ಅಂದಳು. ಅಳಿಸಬಹುದು ಅಂದ ಉಮಾಪತಿ. ಆದರೆ ಅಳಿಸಿದ್ದನ್ನು ಮುಚ್ಚಿಡುವ ಹಾಗಿಲ್ಲ, ನಾಗಲಕ್ಷ್ಮಿಯವರ ಕೋರಿಕೆಯ ಮೇರೆಗೆ ಅಳಿಸಲಾಗಿದೆ ಅಂತ ಅಲ್ಲಿ ಉಳಿಯುತ್ತದೆ. ದನಿಯ ಬಗ್ಗೆ ಹೆಂಗಸರನ್ನೇ ಕೇಳಿದ್ದೇವೆ. ಇಪ್ಪತ್ತೊಂದು ಜನರಲ್ಲಿ ಇಬ್ಬರು ಫೋನು ಎತ್ತಲಿಲ್ಲ, ಉಳಿದವರು ಅದೇ ದನಿ ಇರಲಿ ಅಂದರು. ಯಾಕೆ ಅಂತ ನಾಗಲಕ್ಷ್ಮಿ ಕೇಳಿದಳು. ಪಾಪ, ಅವನು ಕೇಳಿದ್ದಕ್ಕೆ ಉತ್ತರ ಕೊಡುವವನು.

ನಿಮ್ಮ ಬಗ್ಗೆ ಉಳಿದವರು ಹೇಳಿದ್ದನ್ನು ಕೇಳುವ ಹಕ್ಕು ನಿಮಗಿದೆ ಅಂದ. ರಶ್ಮಿ ಒಂದು ಗುಂಡಿ ಒತ್ತಿದಳು. ನಾಗಲಕ್ಷ್ಮಿಯ ದನಿ ನಾಗಲಕ್ಷ್ಮಿಯ ಬಗ್ಗೆ ಓದತೊಡಗಿತು.

ಬಸುರಿ ಇದ್ದಾಗ ನೀರು ಕುಡಿಯಲು ಬಿಡಲಿಲ್ಲ ಅಂತ ಒಬ್ಬಳು ಹೇಳಿದ್ದಳು. ಆಕೆಯ ಮುಂದೆ ಅತ್ತದ್ದು ನನ್ನ ತಪ್ಪು ಅಂತ ಇನ್ನೊಬ್ಬಳು. ಒಬ್ಬಳು ಏನೂ ಹೇಳದೆ ಉಗುಳಿದ್ದಳು, ಅದನ್ನೂ ಬರೆದುಕೊಂಡಿದ್ದರು. ವೀರಭದ್ರಮ್ಮನದು ಉದ್ದವಿತ್ತು. "ನಮ್ಮ ಸಂಕಟ ಗೊತ್ತಾದ್ರ ಆಕಿ ಕಣ್ಣಾಗ ಬೆಳಕು ಬರ್ತಿತ್ತು. ಈ ಯಂತ್ರಾನೂ ನಮ್ಮನ್ನ ಹಂಗ ದುಡಿಸ್ತೈತಿ. ಆದ್ರ ಇದು ಯಾರು ಹೇಳಿದ್ರು, ಯಾಕ ಹೇಳಿದ್ರು ಅಂತ ಹೇಳ್ತೈತಿ. ಆಕಿ ಹದಿನಾಲ್ಕು ವರ್ಷ ಹೇಳಲಿಲ್ಲ. ಆಕಿ ದನಿ ಇರ್ಲಿ, ಆಕಿ ಬ್ಯಾಡ."

ಎಲ್ಲವನ್ನೂ ಅದು ಮೆತ್ತಗೆ, ನಿದ್ದೆ ಆಯಿತೇ ಅಂತ ಕೇಳುವ ಹಾಗೆಯೇ ಓದಿತು. ನಾಗಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಳ್ಳು ಒಂದೂ ಇರಲಿಲ್ಲ.

ಉಮಾಪತಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ವಿರೂಪಮ್ಮನವರ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಇಲ್ಲದಿದ್ದರೆ, ಏನಾದರೂ ಬಿಟ್ಟುಹೋಗಿದ್ದರೆ, ಈಗ ಹೇಳಿ ಅಂದ. ತಿದ್ದಿದ್ದನ್ನು ಜೊತೆಗಾತಿ ತಾನೇ ಯರ್ರಿಸ್ವಾಮಿಯ ಮನೆಗೆ ಫೋನು ಮಾಡಿ ಹೇಳುತ್ತದೆ, ಹುಲಿಗೆಮ್ಮನವರಿಗೂ ಹೇಳುತ್ತದೆ. ವಿರೂಪಮ್ಮನವರನ್ನು ಮತ್ತೆ ಮನೆಗೆ ಕರೆಸಿಕೊಳ್ಳಬಹುದು, ಯಾರಿಗೆ ಗೊತ್ತು. ರಶ್ಮಿ ಕರಿಯ ಮೈಕನ್ನು ಮತ್ತೆ ಅವಳ ಮುಂದೆ ಸರಿಸಿದಳು.

ಮಾತು ಬಾಯಿಯವರೆಗೆ ಬಂದಿತ್ತು. ಕಳೆದುಕೊಳ್ಳಲು ಇನ್ನೇನು ಉಳಿದಿದೆ ಅಂತ ಅವಳು ತನ್ನನ್ನೇ ಕೇಳಿಕೊಂಡಳು. ಗುಂಪು ಹೋಗಿತ್ತು, ಕುರ್ಚಿ ಹೋಗಿತ್ತು. ಮೈದುನನ ಮನೆಯ ಆ ಮುಂದಿನ ಕೋಣೆ ಇತ್ತು. ಚಾಡಿ ಹೇಳಿದವಳು ಅನ್ನಿಸಿಕೊಂಡು ಆ ಕೋಣೆಯಲ್ಲಿ ಇರಬಹುದು. ಕೂಸು ಕೊಂದವಳು ಅನ್ನಿಸಿಕೊಂಡು ಇರಲಾಗುವುದಿಲ್ಲ. ಅಷ್ಟಕ್ಕಾಗಿ ಅವಳು ಆ ಮಾತನ್ನು ನುಂಗಿ, ಮೊದಲು ಇದನ್ನು ಹೇಳ್ರಿ ಅಂದಳು.

"ವಿರೂಪಿ ನನ್ನ ಬಗ್ಗೆ ಏನಂದಾಳ?"

ರಶ್ಮಿ ಹುಡುಕಿದಳು. ನಿನ್ನೆ ಸಂಜೆ, ಅಂದರೆ ವಿರೂಪಮ್ಮ ಸಿರಿಗೇರಿಗೆ ಹೋದ ಮೇಲೆ, ತಮ್ಮನ ಫೋನಿಗೆ ಕರೆ ಮಾಡಿ ಕೇಳಿದ್ದರು. ಒಬ್ಬರೇ ಇದ್ದೀರಾ ಅಂತ ಕೇಳಿದ್ದಕ್ಕೆ, ಹೌದು, ಇಲ್ಲಿ ಯಾರೂ ನನ್ನ ಹತ್ತಿರ ಬರುವುದಿಲ್ಲ ಅಂದಿದ್ದಳಂತೆ. ಯಂತ್ರ ಅವಳ ಮಾತನ್ನು ಇದ್ದ ಹಾಗೆಯೇ ಓದಿತು. "ನಾಗಲಕ್ಷ್ಮಕ್ಕ ಚಲೋ ಹೆಣ್ಮಗಳು. ಆಕಿ ಹೇಳಿದ್ದು ಖರೇನ ಐತಿ, ತಪ್ಪು ನಂದೇ. ಆಕಿ ಅವತ್ತು ಅಲ್ಲಿ ಇರಲಿಲ್ಲ."

 ಉಮಾಪತಿ ಎದುರಿಗಿದ್ದ ಪರದೆಯನ್ನು ಅವಳ ಕಡೆ ತಿರುಗಿಸಿದ. ಇದರಲ್ಲಿ ತಪ್ಪಿದ್ದರೆ ತಿದ್ದಬಹುದು, ಇಲ್ಲದಿದ್ದರೆ ಸರಿಯಾಗಿದೆ ಅಂತ ನೀವು ಒಪ್ಪಿಗೆ ಕೊಟ್ಟರೆ ಇದೇ ಕಾಯಂ ಆಗುತ್ತದೆ ಅಂದ. ನಾಗಲಕ್ಷ್ಮಿ ಪರದೆಯನ್ನು ಓದುವವಳಂತೆ ಬಹಳ ಹೊತ್ತು ನೋಡಿದಳು.

"ಸರಿ ಐತಿ," ಅಂದಳು. ಎಲ್ಲಿ ಸಹಿ ಮಾಡಬೇಕು ಅಂತ ಕೇಳಿ, ತೋರಿಸಿದ ಜಾಗದಲ್ಲಿ ಮಾಡಿದಳು.

ಎರಡು ಗಂಟೆಯ ಬಸ್ಸಿಗೆ ಸಿರುಗುಪ್ಪಕ್ಕೆ ಹೋದಳು. ವಿರೂಪಮ್ಮ ಇವತ್ತಿಗೂ ಸಿರಿಗೇರಿಯಲ್ಲೇ ಇದ್ದಾಳೆ.